ಪಕ್ಕದ ಮನೆ ದೀಪ, ನಮ್ಮ ಮನೆ ನಿದ್ದೆ!



ರಾತ್ರಿ ಹನ್ನೊಂದರ ಮೇಲೆ ಪಕ್ಕದ ಮನೆಯವರು ಗೋಡೆ ಅದುರೋ ಹಾಗೆ ಹಾಡು ಹಾಕಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಿರಲ್ಲ. ಒಂದು ಸಲ ಹೇಳ್ತೀವಿ, ಎರಡು ಸಲ ಹೇಳ್ತೀವಿ, ಆಮೇಲೆ ಕೌನ್ಸಿಲ್‌ಗೆ ಫೋನ್ ಮಾಡ್ತೀವಿ. ಆದ್ರೆ ಅದೇ ಮನೆಯವರು ಹಿತ್ತಲಿಗೊಂದು ಫ್ಲಡ್ ಲೈಟ್ ಹಾಕಿ, ಅದು ರಾತ್ರಿಯೆಲ್ಲಾ ನಮ್ಮ ಮಲಗೋ ಕೋಣೆಗೆ ರಾಚ್ತಾ ಇದ್ರೆ ಏನು ಮಾಡ್ತೀವಿ? ಅಂಗಡಿಗೆ ಹೋಗಿ ದಪ್ಪ ಕರ್ಟನ್ ತರ್ತೀವಿ! ಸದ್ದು ಬಂದ್ರೆ ಅವರ ತಪ್ಪು, ಬೆಳಕು ಬಂದ್ರೆ ನಮ್ಮ ಹಣೆಬರಹ. ಲಂಡನ್ನಿನ ಎಷ್ಟೋ ಕನ್ನಡಿಗರ ಮನೆಗಳಲ್ಲಿ ನಾನು ಕಂಡಿರೋದು ಇದನ್ನೇ.

ಇದು ಸರಿಯಲ್ಲ ಅನ್ನೋದು ನನ್ನ ವಾದ. ಈ ನಾಡಿನ ಕಾನೂನು 2006ರಿಂದಲೇ ಬೆಳಕಿನ ಕಾಟವನ್ನೂ ಸದ್ದಿನ ಕಾಟದ ಸಾಲಿನಲ್ಲೇ ಇಟ್ಟಿದೆ. ಅದನ್ನು ಬಳಸಿಕೊಳ್ಳೋದು ಜಗಳಗಂಟತನ ಅಲ್ಲ, ಹೊರಗಿನಿಂದ ಬಂದವರ ಅತಿಯಾಸೆಯೂ ಅಲ್ಲ. ಆದ್ರೆ ಯಾವುದನ್ನು ಯಾವಾಗ ಬಳಸಬೇಕು ಅನ್ನೋ ವಿವೇಕ ಬೇಕು.

ಒಂದು ದೀಪದ ಲೆಕ್ಕ

ನಾನಿರೋದು ವಾಯವ್ಯ ಲಂಡನ್ನಿನ ಒಂದು ಸಾಮಾನ್ಯ ಬೀದಿಯಲ್ಲಿ. ಜೋಡಿ ಮನೆಗಳ ಸಾಲು, ಹಿಂದೆ ಉದ್ದನೆಯ ಹಿತ್ತಲು, ಆ ಹಿತ್ತಲಿಗೆ ಬೆನ್ನು ಕೊಟ್ಟ ಇನ್ನೊಂದು ಬೀದಿಯ ಹಿತ್ತಲು. ಎರಡು ವರ್ಷದ ಹಿಂದೆ ನಮ್ಮ ಹಿಂದಿನ ಮನೆಯ ಹಿರಿಯರೊಬ್ಬರು ಗೋಡೆಗೆ 50 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟ್ ಹಾಕಿಸಿದರು. ಅವರ ಶೆಡ್ಡಿನ ಬೀಗ ಒಡೆದು ಯಾರೋ ಸೈಕಲ್ ಕದ್ದಿದ್ದರು. ಹೆದರಿಕೆ ನಿಜವಾದದ್ದೇ. ಆದ್ರೆ ದೀಪ ನೆಲ ನೋಡೋ ಬದಲು ನೇರವಾಗಿ ನಮ್ಮ ಮೇಲಿನ ಮಹಡಿಯ ಕಿಟಕಿ ನೋಡ್ತಾ ಇತ್ತು. ಆ ಕೋಣೆಯಲ್ಲಿ ಮಲಗೋದು ನಮ್ಮ ನಾಲ್ಕು ವರ್ಷದ ಮಗಳು.

ಜೊತೆಗೆ ಸೆನ್ಸರ್ ಬೇರೆ. ಲಂಡನ್ನಿನಲ್ಲಿ ಇದ್ದವರಿಗೆಲ್ಲಾ ಗೊತ್ತು, ಇಲ್ಲಿ ರಾತ್ರಿಯ ನಿಜವಾದ ಒಡೆಯರು ನರಿಗಳು. ನರಿ ಬೇಲಿ ಹಾರಿದ್ರೆ ದೀಪ ಹತ್ತುತ್ತೆ, ಬೆಕ್ಕು ಬಂದ್ರೆ ಹತ್ತುತ್ತೆ, ಗಾಳಿಗೆ ಗಿಡ ಅಲ್ಲಾಡಿದ್ರೂ ಹತ್ತುತ್ತೆ. ಕೋಣೆಯೊಳಗೆ ಮಿಂಚು ಹೊಡೆದ ಹಾಗೆ. ಕಳ್ಳ ಒಬ್ಬನನ್ನು ಬಿಟ್ಟು ಮಿಕ್ಕೆಲ್ಲ ಪ್ರಾಣಿಗಳನ್ನೂ ಆ ದೀಪ ಹಿಡಿದು ತೋರಿಸ್ತಾ ಇತ್ತು!

ಇಂಜಿನಿಯರ್ ಬುದ್ಧಿ ಸುಮ್ಮನಿರುತ್ತಾ? ಲೆಕ್ಕ ಹಾಕಿದೆ. 50 ವ್ಯಾಟಿನ ಎಲ್‌ಇಡಿ ಅಂದ್ರೆ ಸರಿಸುಮಾರು 5000 ಲೂಮೆನ್. ಅಗಲವಾಗಿ ಚೆಲ್ಲೋ ಅಂಥ ದೀಪದಿಂದ 12 ಮೀಟರ್ ದೂರದ ಕಿಟಕಿಯ ಮೇಲೆ ಹತ್ತಕ್ಕೂ ಮೀರಿದ ಲಕ್ಸ್ ಬೀಳುತ್ತೆ. ಫೋನಿನ ಲಕ್ಸ್ ಮೀಟರ್ ಕೂಡ ಹೆಚ್ಚು ಕಡಿಮೆ ಅದನ್ನೇ ತೋರಿಸಿತು. ಫೋನಿನ ಅಳತೆ ಕೋರ್ಟಿಗೆ ಸಾಕ್ಷಿ ಆಗಲ್ಲ, ನಮ್ಮ ತಿಳಿವಿಗೆ ಸಾಕು. ಹುಣ್ಣಿಮೆಯ ಚಂದ್ರ ನೆತ್ತಿಯ ಮೇಲಿದ್ದಾಗಲೂ ನೆಲಕ್ಕೆ ಬೀಳೋ ಬೆಳಕು ಕಾಲು ಲಕ್ಸ್ ಸುತ್ತಮುತ್ತ. ಅಂದ್ರೆ ನನ್ನ ಮಗಳ ಕಿಟಕಿಯಲ್ಲಿ ಒಂದಲ್ಲ ಎರಡಲ್ಲ, ನಲವತ್ತು ಹುಣ್ಣಿಮೆ!

ಇಲ್ಲಿನ ದೀಪ ತಜ್ಞರ ಸಂಸ್ಥೆ 'ಇನ್‌ಸ್ಟಿಟ್ಯೂಷನ್ ಆಫ್ ಲೈಟಿಂಗ್ ಪ್ರೊಫೆಷನಲ್ಸ್' ಇದಕ್ಕೊಂದು ಮಾರ್ಗದರ್ಶಿ ಮಾಡಿದೆ. ಅದರ ಪ್ರಕಾರ ಉಪನಗರದ ವಸತಿ ಪ್ರದೇಶದಲ್ಲಿ ಕಿಟಕಿಯ ಮೇಲೆ ಬೀಳೋ ಬೆಳಕು ಸಂಜೆ ಹೊತ್ತು 10 ಲಕ್ಸ್, ತಡರಾತ್ರಿಯ ಮೇಲೆ 2 ಲಕ್ಸ್ ಮೀರಬಾರದು. ನಗರದ ನಟ್ಟನಡುವಿನ ಪ್ರದೇಶಕ್ಕೆ ಇವೇ ಮಿತಿಗಳು 25 ಮತ್ತು 5. ಇದು ಕಾನೂನಲ್ಲ, ಮಾರ್ಗದರ್ಶಿ. ಆದ್ರೆ ಅಳೆದು ನೋಡೋಕೆ ಒಂದು ಒಳ್ಳೆಯ ಅಳತೆಗೋಲು.

ಕರ್ಟನ್ ಹಾಕ್ಕೊಂಡ್ರೆ ಆಯ್ತಲ್ಲ?

ಈ ವಿಷಯ ಎತ್ತಿದ ತಕ್ಷಣ ಗೆಳೆಯರಿಂದ ಬರೋ ಮೊದಲ ಮಾತು ಇದೇ. ಚಳಿಗಾಲದಲ್ಲಿ ಸರಿ. ಬೇಸಿಗೆಯಲ್ಲಿ? 2022ರ ಜುಲೈ 19ರಂದು ಹೀತ್ರೂದಲ್ಲಿ 40.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಎ.ಸಿ. ಇಲ್ಲ. ರಾತ್ರಿ ಕಿಟಕಿ ತೆರೆದು ಗಾಳಿ ಬಿಟ್ಟುಕೊಳ್ಳೋದು ಬಿಟ್ರೆ ಬೇರೆ ದಾರಿಯಿಲ್ಲ. ತೆರೆದ ಕಿಟಕಿಗೆ ದಪ್ಪ ಕರ್ಟನ್ ಎಳೆದ್ರೆ ಗಾಳಿಯೂ ಇಲ್ಲ, ನಿದ್ದೆಯೂ ಇಲ್ಲ. ಅವರ ದೀಪ ಓರೆ ಇದೆ ಅಂತ ನಾವು ಬೇಯಬೇಕಾ?

ನಿದ್ದೆಯ ವಿಷಯ ಬರೀ ಕಿರಿಕಿರಿಯದ್ದಲ್ಲ. ನಮ್ಮ ಕಣ್ಣಿನಲ್ಲಿ ನೋಟಕ್ಕೆ ಬೇಕಾದ ಕೋಶಗಳಲ್ಲದೆ, ಹಗಲೋ ಇರುಳೋ ಅಂತ ಮೆದುಳಿಗೆ ತಿಳಿಸೋ ಬೇರೆ ಕೋಶಗಳೂ ಇವೆ ಅನ್ನೋದು 2002ರ ಹೊತ್ತಿಗೆ ಗಟ್ಟಿಯಾಯಿತು. ಇವು ಹೆಚ್ಚಾಗಿ ಎಚ್ಚೆತ್ತುಕೊಳ್ಳೋದು ನೀಲಿ ಬೆಳಕಿಗೆ. ನೀಲಿ ಬೆಳಕು ಬಿದ್ದಷ್ಟೂ ನಿದ್ದೆಗೆ ಅಣಿ ಮಾಡೋ ಮೆಲಟೋನಿನ್ ಕಡಿಮೆಯಾಗುತ್ತೆ. ಹಳೆಯ ಹ್ಯಾಲೊಜನ್ ದೀಪದ ಬೆಳಕು ಹಳದಿ. ಈಗ ಅಗ್ಗಕ್ಕೆ ಸಿಗೋ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು. ಅಮೆರಿಕದ ವೈದ್ಯರ ಸಂಘ 2016ರಲ್ಲೇ ಹೊರಾಂಗಣ ದೀಪಗಳು 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ಇರಲಿ ಅಂತ ಸಲಹೆ ಕೊಟ್ಟಿತು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನ ವಿಜ್ಞಾನ ಸಮಿತಿ 2023ರ ಜುಲೈನಲ್ಲಿ ಬೆಳಕು ಮತ್ತು ಸದ್ದಿನಿಂದ ಆರೋಗ್ಯಕ್ಕಾಗೋ ತೊಂದರೆಯ ಬಗ್ಗೆ ವರದಿ ಕೊಟ್ಟಾಗ, ಇವೆರಡನ್ನೂ 'ಕಡೆಗಣಿಸಿದ ಮಾಲಿನ್ಯಗಳು' ಅಂತಲೇ ಕರೆಯಿತು.

ದೀಪ ಹೆಚ್ಚಿದ್ರೆ ಕಳ್ಳ ಓಡ್ತಾನಾ?

ಇದು ಎರಡನೇ ವಾದ. ನಮ್ಮ ಹಿಂದಿನ ಮನೆಯ ಹಿರಿಯರದ್ದೂ ಇದೇ. ಇದನ್ನು ತಳ್ಳಿಹಾಕಬಾರದು, ಕಳ್ಳತನ ಕಂಡವರ ಹೆದರಿಕೆಯನ್ನು ಅಂಕಿ ಅಂಶದಿಂದ ಅಳಿಸೋಕಾಗಲ್ಲ. ಆದ್ರೂ ತಿಳಿದಿರಲಿ: ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳ ಮಾಹಿತಿ ಇಟ್ಟುಕೊಂಡು ಲಂಡನ್ನಿನ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೀದಿ ದೀಪ ಆರಿಸಿದ, ಮಂದ ಮಾಡಿದ ಕಡೆಗಳಲ್ಲಿ ಅದರಿಂದ ಅಪರಾಧವಾಗಲಿ ರಸ್ತೆ ಅಪಘಾತವಾಗಲಿ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದು ಬೀದಿ ದೀಪದ ಮಾತು, ಹಿತ್ತಲಿನ ದೀಪದ್ದಲ್ಲ, ನಿಜ. ಆದ್ರೆ 'ಬೆಳಕು ಹೆಚ್ಚು, ಕಳ್ಳತನ ಕಡಿಮೆ' ಅನ್ನೋ ನೇರ ಲೆಕ್ಕ ಅಷ್ಟು ನೇರವಾಗಿಲ್ಲ ಅನ್ನೋದಕ್ಕೆ ಇದು ಸಾಕು.

ಇನ್ನು ಕಣ್ಣಿಗೆ ರಾಚೋ ದೀಪದ ಮಾತು. ದೀಪದ ಬುಡದಲ್ಲಿ ಕತ್ತಲು ಅನ್ನೋ ಗಾದೆ ನಮ್ಮದೇ ಅಲ್ವಾ? ಕಣ್ಣಿಗೆ ಹೊಡೆಯೋ ದೀಪದ ಹಿಂದೆ ಯಾರು ನಿಂತಿದ್ದಾರೆ ಅಂತ ನೋಡೋಕಾಗಲ್ಲ, ಪಕ್ಕದ ನೆರಳು ಇನ್ನೂ ಕಪ್ಪಾಗುತ್ತೆ. ನಮ್ಮ ಕಿಟಕಿಯಿಂದ ಅವರ ಶೆಡ್ ಕಾಣ್ತಾನೇ ಇರಲಿಲ್ಲ, ದೀಪ ಮಾತ್ರ ಕಾಣ್ತಿತ್ತು. ನೆಲ ನೋಡೋ ಹಾಗೆ ಬಾಗಿಸಿದ ಸಣ್ಣ ದೀಪ ಶೆಡ್ಡಿನ ಬಾಗಿಲನ್ನು ತೋರಿಸುತ್ತೆ. ಮನೆಯ ಕಾವಲಿಗೆ 2000 ಲೂಮೆನ್‌ಗಿಂತ ಹೆಚ್ಚು ಬೇಕಾಗೋದು ಅಪರೂಪ ಅನ್ನೋದು ದೀಪ ತಜ್ಞರ ಮಾತು. ಅಂದ್ರೆ ನಾವು ಕೇಳೋದು ಅವರ ಭದ್ರತೆ ಕಿತ್ತುಕೊಳ್ಳೋದನ್ನಲ್ಲ, ಇನ್ನೂ ಒಳ್ಳೆಯ ಭದ್ರತೆಯನ್ನ.

ಕಾನೂನು ಏನನ್ನುತ್ತೆ?

ಇಂಗ್ಲೆಂಡಿನಲ್ಲಿ ಬೆಳಕಿನ ಹಕ್ಕು ಹಳೆಯದು. ಇಪ್ಪತ್ತು ವರ್ಷ ನಿಮ್ಮ ಕಿಟಕಿಗೆ ಬಿಸಿಲ ಬೆಳಕು ಬಂದಿದ್ರೆ, ಅದನ್ನು ಮುಚ್ಚೋ ಹಾಗೆ ಪಕ್ಕದವರು ಕಟ್ಟಿದಾಗ ಪ್ರಶ್ನಿಸೋ ಹಕ್ಕನ್ನು 1832ರ ಕಾಯ್ದೆಯೇ ಗಟ್ಟಿ ಮಾಡಿತು. ಆದ್ರೆ ಬೇಡದ ಬೆಳಕನ್ನು ತಡೆಯೋಕೆ ಕೌನ್ಸಿಲ್‌ಗೆ ನೇರ ಅಧಿಕಾರ ಬರೋಕೆ ಮುಂದೆ 174 ವರ್ಷ ಬೇಕಾಯಿತು!

ಅದರ ಹಿಂದೆ ಆಕಾಶ ನೋಡುವ ಹವ್ಯಾಸಿಗಳ ಹೋರಾಟವಿದೆ. ಬ್ರಿಟಿಷ್ ಖಗೋಳ ಸಂಘದವರು 1989ರಲ್ಲಿ ಕಪ್ಪು ಆಕಾಶಕ್ಕಾಗಿ ಚಳುವಳಿ ಶುರು ಮಾಡಿದರು. ಪತ್ರ ಬರೆದರು, ಸಂಸದರನ್ನು ಕಂಡರು. 2003ರಲ್ಲಿ ಹೌಸ್ ಆಫ್ ಕಾಮನ್ಸ್‌ನ ವಿಜ್ಞಾನ ಸಮಿತಿ ಈ ಬಗ್ಗೆ ವರದಿ ಕೊಟ್ಟಿತು. 2005ರ 'ಕ್ಲೀನ್ ನೇಬರ್‌ಹುಡ್ಸ್ ಅಂಡ್ ಎನ್ವಿರಾನ್‌ಮೆಂಟ್' ಕಾಯ್ದೆಯ 102ನೇ ಕಲಮು, 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಉಪದ್ರವಗಳ ಪಟ್ಟಿಗೆ ಕೃತಕ ಬೆಳಕನ್ನೂ ಸೇರಿಸಿತು. ಜಾರಿಗೆ ಬಂದದ್ದು 2006ರ ಏಪ್ರಿಲ್ 6ರಂದು. ಒಂದು ಸಣ್ಣ ಗುಂಪು ಹದಿನೇಳು ವರ್ಷ ಬಿಡದೆ ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಈಗ ದೂರು ಬಂದ್ರೆ ಕೌನ್ಸಿಲ್ ತನ್ನ ಕೈಲಾದ ಮಟ್ಟಿಗೆ ವಿಚಾರಿಸಲೇಬೇಕು. ಉಪದ್ರವ ಇದೆ ಅಂತ ಖಚಿತವಾದ್ರೆ ನೋಟಿಸ್ ಕೊಡಲೇಬೇಕು. ಸರಿಯಾದ ಕಾರಣವಿಲ್ಲದೆ ನೋಟಿಸ್ ಮೀರಿದ್ರೆ ಅಪರಾಧ. 2015ರ ಮಾರ್ಚ್‌ವರೆಗೂ ಮನೆಯವರಿಗೆ ದಂಡದ ಮಿತಿ 5000 ಪೌಂಡ್ ಇತ್ತು, ಇಂಗ್ಲೆಂಡಿನಲ್ಲಿ ಈಗ ಆ ಮಿತಿಯೂ ಇಲ್ಲ.

ಆದ್ರೆ ಕೆಲವು ಮಾತು ಗಮನದಲ್ಲಿರಲಿ. ಇಷ್ಟು ಲಕ್ಸ್ ದಾಟಿದ್ರೆ ಅಪರಾಧ ಅನ್ನೋ ಸಂಖ್ಯೆ ಕಾನೂನಿನಲ್ಲಿಲ್ಲ. ಸಾಮಾನ್ಯ ಮನುಷ್ಯನಿಗೆ ತೊಂದರೆಯಾಗುತ್ತಾ ಅಂತ ಅಧಿಕಾರಿ ನೋಡ್ತಾರೆ, ಅತಿ ಸೂಕ್ಷ್ಮದವರ ಅಳತೆಯಲ್ಲಲ್ಲ. ವಿಮಾನ ನಿಲ್ದಾಣ, ರೈಲ್ವೆ ಜಾಗ, ಬಸ್ ನಿಲ್ದಾಣ, ಬಂದರು, ಜೈಲು ಇವಕ್ಕೆಲ್ಲ ವಿನಾಯಿತಿ ಇದೆ. ಬೀದಿ ದೀಪ ಸಾಮಾನ್ಯವಾಗಿ ಈ ಕಲಮಿಗೆ ಬರಲ್ಲ, ಅದಕ್ಕೆ ರಸ್ತೆ ವಿಭಾಗವನ್ನು ಕೇಳಿ ದೀಪಕ್ಕೆ ಮರೆ ಹಾಕಿಸಿಕೊಳ್ಳಬೇಕು.

ಹಾಗಾದ್ರೆ ನಾವ್ಯಾಕೆ ಬಾಯಿ ಬಿಡಲ್ಲ?

ಇದು ನನಗೆ ದೀಪಕ್ಕಿಂತ ಹೆಚ್ಚು ಕಾಡೋ ಪ್ರಶ್ನೆ. ಪೂರ್ವ ಲಂಡನ್ನಿನ ಫ್ಲಾಟ್ ಒಂದರಲ್ಲಿ ಬಾಡಿಗೆಗಿರೋ ಗೆಳೆಯನೊಬ್ಬನ ಕೋಣೆಗೆ ಪಾರ್ಕಿಂಗ್ ಜಾಗದ ಕಂಬದ ದೀಪ ಇಡೀ ರಾತ್ರಿ ಹೊಡೀತಿತ್ತು. 'ನಾನು ವರ್ಕ್ ವೀಸಾದಲ್ಲಿದ್ದೀನಿ ಮಾರಾಯ, ದೂರು ಗೀರು ಅಂತ ಹೋಗಿ ನಾಳೆ ಐ.ಎಲ್.ಆರ್.ಗೆ ತೊಂದರೆ ಆದ್ರೆ?' ಅಂದ. ಇನ್ನೊಬ್ಬರು 'ಬಂದಿರೋದು ನಾಲ್ಕು ಕಾಸು ದುಡಿಯೋಕೆ, ಊರ ಉಸಾಬರಿ ನಮಗ್ಯಾಕೆ?' ಅಂದರು.

ಗೆಳೆಯರೇ, ಉಪದ್ರವದ ಬಗ್ಗೆ ಕೌನ್ಸಿಲ್‌ಗೆ ಬರೆಯೋದಕ್ಕೂ ವೀಸಾಗೂ ಸಂಬಂಧವಿಲ್ಲ. ದೂರು ಕೊಡೋಕೆ ಪಾಸ್‌ಪೋರ್ಟ್ ಬಣ್ಣ ಯಾರೂ ಕೇಳಲ್ಲ, ಮನೆ ಸ್ವಂತದ್ದಾ ಬಾಡಿಗೆಯದ್ದಾ ಅನ್ನೋದೂ ಮುಖ್ಯವಲ್ಲ. ತಿಂಗಳು ತಿಂಗಳು ಕೌನ್ಸಿಲ್ ಟ್ಯಾಕ್ಸ್ ಕಟ್ಟೋವಾಗ ನಾವು ಈ ಊರಿನವರು, ಸೇವೆ ಕೇಳೋವಾಗ ಮಾತ್ರ ಪರಊರಿನವರಾ? ಅತ್ತರೇ ತಾಯಿ ಹಾಲು ಕೊಡೋದು. ನಾವು ಕೇಳದಿದ್ರೆ ಅವರಿಗೆ ತಿಳಿಯೋದಾದ್ರೂ ಹೇಗೆ? ಆ ಗೆಳೆಯ ಕೊನೆಗೂ ಕಟ್ಟಡ ನೋಡಿಕೊಳ್ಳೋ ಏಜೆಂಟರಿಗೆ ಬರೆದ. ಎರಡು ತಿಂಗಳು ಉತ್ತರವಿಲ್ಲ. ಕೌನ್ಸಿಲ್‌ಗೆ ಬರೆದು ಅದರ ಪ್ರತಿಯನ್ನು ಏಜೆಂಟರಿಗೂ ಕಳಿಸಿದ ಮೇಲೆ ಆ ಕಂಬಕ್ಕೆ ಮರೆ ಬಂತು. ವೀಸಾ ಎಲ್ಲಿತ್ತೋ ಅಲ್ಲೇ ಇದೆ!

ಹಾಗಂತ ಮೊದಲ ದಿನವೇ ದೂರು ಕೊಡೋದೂ ಜಾಣತನವಲ್ಲ. ಇಲ್ಲಿ ಮನೆ ಮಾರೋವಾಗ ತುಂಬಬೇಕಾದ ಟಿ.ಎ.6 ಅನ್ನೋ ಮಾಹಿತಿ ಪತ್ರದಲ್ಲಿ ನೆರೆಹೊರೆಯವರ ಜೊತೆಗಿನ ತಕರಾರು, ದೂರುಗಳ ಬಗ್ಗೆ ಕೇಳ್ತಾರೆ. ಮುಚ್ಚಿಟ್ಟು ಮಾರಿದ್ರೆ ಮುಂದೆ ಕೊಂಡವರು ಕೋರ್ಟಿಗೆ ಎಳೆಯಬಹುದು. ಮಾತಲ್ಲಿ ಮುಗಿಯೋದನ್ನು ಕಾಗದಕ್ಕೆ ಇಳಿಸಬೇಡಿ.

ಏನು ಮಾಡಬೇಕು?

1. ಮೊದಲು ಹಗಲು ಹೊತ್ತು ಹೋಗಿ ಮಾತಾಡಿ. ದೀಪ ಹತ್ತಿದಾಗ ಸಿಟ್ಟಲ್ಲಿ ಬಾಗಿಲು ಬಡಿಯಬೇಡಿ. ದೀಪ ಯಾಕೆ ಹಾಕಿದರು ಅಂತ ಕೇಳಿ. ನಾನು ನಮ್ಮ ಹಿಂದಿನ ಮನೆಯವರಿಗೆ ಕೇಳಿಕೊಂಡದ್ದು ಒಂದೇ, 'ಒಂದು ರಾತ್ರಿ ಬಂದು ನನ್ನ ಮಗಳ ಕೋಣೆಯಿಂದ ನೋಡಿ.' ಅವರು ಬಂದರು, ಕಿಟಕಿಯ ಮುಂದೆ ಒಂದು ನಿಮಿಷ ನಿಂತರು, ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿದರು. ತಮ್ಮ ದೀಪ ಬೇರೆಯವರಿಗೆ ಹೇಗೆ ಕಾಣುತ್ತೆ ಅಂತ ಯಾರಿಗೂ ತಮ್ಮ ಮನೆಯಿಂದ ಗೊತ್ತಾಗಲ್ಲ.

2. ಬರೀ ತೊಂದರೆ ಹೇಳಬೇಡಿ, ಪರಿಹಾರ ಹಿಡಿದುಕೊಂಡು ಹೋಗಿ. ದೀಪವನ್ನು ಕೆಳಕ್ಕೆ ಬಾಗಿಸೋದು, ತಗಡಿನ ಮರೆ ಹಾಕೋದು, ಸೆನ್ಸರಿನ ವ್ಯಾಪ್ತಿ ಮತ್ತು ಹೊತ್ತು ಕಡಿಮೆ ಮಾಡೋದು, 2700 ಕೆಲ್ವಿನ್ನಿನ ಹಳದಿ ದೀಪ ಹಾಕೋದು. ನಮ್ಮ ವಿಷಯದಲ್ಲಿ ಏಣಿ, ಸ್ಪ್ಯಾನರ್, ಹತ್ತು ನಿಮಿಷ, ಅಷ್ಟೇ. ಶನಿವಾರ ಬೆಳಿಗ್ಗೆ ನಾನು ಏಣಿ ಹಿಡಿದೆ, ಅವರು ಬಾಗಿಸಿದರು. ನರಿ ಬಂದ್ರೆ ಈಗಲೂ ದೀಪ ಹತ್ತುತ್ತೆ, ಆದ್ರೆ ಅದು ಬೀಳೋದು ನರಿಯ ಮೇಲೆ!

3. ಮಾತಲ್ಲಿ ಆಗದಿದ್ರೆ ಮರ್ಯಾದೆಯ ಪತ್ರ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಎರಡು ಮೂರು ವಾರ ದಿನಚರಿ ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ, ಯಾವ ಕೋಣೆ, ಏನು ತೊಂದರೆ. ಕೋಣೆಯೊಳಗಿನಿಂದ ಫೋಟೋ ತೆಗೆಯಿರಿ.

4. ಆಮೇಲೆ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗ. 'ಲೈಟ್ ಪ್ರಾಬ್ಲಮ್' ಅಂತ ಬರೆಯಬೇಡಿ, 'ಸ್ಟ್ಯಾಚುಟರಿ ನ್ಯೂಸೆನ್ಸ್' ಅಂತ ಬರೆದು 1990ರ ಕಾಯ್ದೆಯ 79ನೇ ಕಲಮು ಹೆಸರಿಸಿ. ಕಡತ ಅಲ್ಲಾಡೋದು ಸರಿಯಾದ ಪದಕ್ಕೆ. ಕೌನ್ಸಿಲ್ ಸರಿಯಾಗಿ ವಿಚಾರಿಸದಿದ್ರೆ ಅವರ ದೂರು ವಿಭಾಗ, ಅಲ್ಲೂ ಆಗದಿದ್ರೆ ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್.

5. ಕೊನೆಯ ದಾರಿ 82ನೇ ಕಲಮು. ಬೆಳಕಿನ ವಿಷಯದಲ್ಲಿ ಕನಿಷ್ಠ 21 ದಿನದ ಲಿಖಿತ ನೋಟಿಸ್ ಕೊಟ್ಟು ನೀವೇ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಇದು ಇದೆ ಅಂತ ಗೊತ್ತಿರಲಿ, ಬಳಸೋ ಹೊತ್ತು ಬರದಿರಲಿ.

ನಮ್ಮ ದೀಪಗಳೂ ಇವೆಯಲ್ಲ!

ಹಕ್ಕಿನ ಮಾತಾಡಿದ ಮೇಲೆ ಹೊಣೆಯ ಮಾತೂ ಆಡಬೇಕು. ಈ ದೇಶದ 2004ರ ಪಟಾಕಿ ನಿಯಮದಲ್ಲಿ ರಾತ್ರಿ 11ರ ಮೇಲೆ ಪಟಾಕಿ ಹೊಡೆಯೋ ಹಾಗಿಲ್ಲ. ಆದ್ರೆ ದೀಪಾವಳಿಯ ರಾತ್ರಿ ಒಂದು ಗಂಟೆಯವರೆಗೂ ಬಿಟ್ಟಿದ್ದಾರೆ. ನಮ್ಮ ಹಬ್ಬಕ್ಕೆ ಈ ಸಮಾಜ ತನ್ನ ಕಾನೂನಿನಲ್ಲೇ ಜಾಗ ಮಾಡಿಕೊಟ್ಟಿದೆ. ಅದಕ್ಕೆ ಪ್ರತಿಯಾಗಿ, ಮನೆ ಮುಂದೆ ಮಿಣಮಿಣ ಅನ್ನೋ ಸರಗಳನ್ನು ದೀಪಾವಳಿಯಿಂದ ಹೊಸ ವರ್ಷದವರೆಗೂ ಬೆಳಗಾಗೋ ತನಕ ಉರಿಸದೆ, ಮಲಗೋ ಮುಂಚೆ ಆರಿಸೋಣ. ಒಂದು ಟೈಮರ್ ಹಾಕಿದ್ರೆ ಮುಗೀತು.

ಹಾಗೇ ನಮ್ಮೂರಿನ ಕಡೆಗೂ ನೋಡೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಅದು ನಮ್ಮ ಹೆಮ್ಮೆ. ಆದ್ರೆ ಬೆಳಕು ತಂದ ನಾಡಿಗೆ ಬೆಳಕಿನ ಲಗಾಮು ಇನ್ನೂ ಬಂದಿಲ್ಲ. ಭಾರತದಲ್ಲಿ ಸದ್ದಿಗೆ 2000ದ ನಿಯಮಗಳಿವೆ, ಬೆಳಕಿಗೆ ಅಂಥ ನಿಯಮವಿಲ್ಲ. ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯಿರೋ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕೂತು ಲಡಾಖ್‌ನ ಹಾನ್ಲೆಯ ದೂರದರ್ಶಕವನ್ನು ನಡೆಸ್ತಾರೆ. ಆ ಹಾನ್ಲೆಯ ಸುತ್ತ 2022ರಲ್ಲಿ ಕಪ್ಪು ಆಕಾಶದ ಮೀಸಲು ಪ್ರದೇಶ ಮಾಡಿ ದೀಪಗಳನ್ನು ಹದಕ್ಕೆ ತಂದರು. ಲಡಾಖಿನ ಹಳ್ಳಿಗೆ ಸಾಧ್ಯವಾದದ್ದರಲ್ಲಿ ಒಂದಿಷ್ಟಾದರೂ ಬೆಂಗಳೂರಿಗೆ ಯಾಕೆ ಬೇಡ? 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದಿವೆ. ಜಾಹೀರಾತು ಫಲಕ, ಮಾಲ್, ಅಪಾರ್ಟ್‌ಮೆಂಟ್ ದೀಪಗಳಿಗೆ ಮಿತಿ ಹಾಕಿ ಅಂತ ಕೇಳೋಕೆ ಇದೇ ಹೊತ್ತು. ಫ್ರಾನ್ಸ್ 2018ರಲ್ಲೇ ಹೊರಾಂಗಣ ದೀಪಗಳಿಗೆ ದೇಶಕ್ಕೆಲ್ಲಾ ಅನ್ವಯಿಸೋ ನಿಯಮ ಮಾಡಿದೆ.

ತಡ ಮಾಡಿದಷ್ಟೂ ನಷ್ಟ. ಜನಸಾಮಾನ್ಯರು 2011ರಿಂದ 2022ರವರೆಗೆ ನಕ್ಷತ್ರ ಎಣಿಸಿ ಕಳಿಸಿದ ಮಾಹಿತಿಯ ಮೇಲೆ 2023ರಲ್ಲಿ ಬಂದ ಅಧ್ಯಯನದ ಪ್ರಕಾರ ರಾತ್ರಿಯ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ 9.6 ಶೇಕಡಾ ಏರ್ತಾ ಇದೆ. ಮಗು ಹುಟ್ಟಿದಾಗ 250 ನಕ್ಷತ್ರ ಕಾಣೋ ಕಡೆ, ಅದಕ್ಕೆ ಹದಿನೆಂಟು ತುಂಬೋ ಹೊತ್ತಿಗೆ ಕಾಣೋದು 100 ಅಷ್ಟೇ. ಗ್ರೀನಿಚ್‌ನಲ್ಲಿ 1675ರಲ್ಲಿ ಶುರುವಾದ ವೀಕ್ಷಣಾಲಯವೇ ಲಂಡನ್ನಿನ ಹೊಗೆ ಮತ್ತು ದೀಪ ತಾಳಲಾರದೆ ಎರಡನೇ ಮಹಾಯುದ್ಧದ ನಂತರ ಸಸೆಕ್ಸ್‌ಗೆ ಗುಳೆ ಹೋಯಿತು. ಹಾಗಂತ ಆಸೆ ಬಿಡಬೇಕಿಲ್ಲ. ಲಂಡನ್ನಿನ ಮಿಲ್ ಹಿಲ್‌ನಲ್ಲಿರೋ ಯುಸಿಎಲ್ ವೀಕ್ಷಣಾಲಯದಲ್ಲಿ 2014ರ ಜನವರಿ 21ರಂದು ಪಾಠ ಮಾಡ್ತಿದ್ದ ಮೇಷ್ಟ್ರು ಸ್ಟೀವ್ ಫಾಸ್ಸಿ ಮತ್ತು ಅವರ ವಿದ್ಯಾರ್ಥಿಗಳು, ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದ ಎಂ82 ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾ ಒಂದನ್ನು ಮೊದಲು ಕಂಡರು. ಈ ಊರಿನ ಆಕಾಶ ಇನ್ನೂ ಸತ್ತಿಲ್ಲ!

ಬೆಳದಿಂಗಳ ಊಟ ಅನ್ನೋ ಮಾತು ನಮ್ಮ ನುಡಿಯಲ್ಲಿದೆ. ಹುಣ್ಣಿಮೆ ರಾತ್ರಿ ತಾರಸಿಯ ಮೇಲೆ ಅಜ್ಜಿ ಕೈತುತ್ತು ಕೊಟ್ಟದ್ದು ನಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿದೆ. ಮುಂದಿನ ತಲೆಮಾರಿಗೆ ಆ ಪದದ ಅರ್ಥ ನಿಘಂಟಿನಲ್ಲಿ ಹುಡುಕೋ ಹಾಗಾಗಬಾರದು ಅಂದ್ರೆ ಕತ್ತಲೂ ನಮ್ಮ ಹಕ್ಕು ಅಂತ ಬಾಯಿ ಬಿಟ್ಟು ಹೇಳಬೇಕು.

ಈ ವಾರ ಎರಡು ಕೆಲಸ ಮಾಡಿ. ರಾತ್ರಿ ಹೊರಗೆ ಹೋಗಿ ನಿಮ್ಮ ಮನೆಯ ದೀಪ ಯಾರ ಕಿಟಕಿಗೆ ಹೊಡೀತಿದೆ ನೋಡಿ, ಬಾಗಿಸಿ. ನಿಮ್ಮ ಕಿಟಕಿಗೆ ಹೊಡೀತಿರೋ ದೀಪದ ಒಡೆಯರನ್ನು ಶನಿವಾರ ಹಗಲು ಹೊತ್ತು ಹೋಗಿ ಮಾತಾಡಿಸಿ. ನಗುನಗುತ್ತಾ ಕೇಳಿ, ಆದ್ರೆ ಕೇಳಿ!

ಇಂತಿ ನಿಮ್ಮ,
ಲಂಡನ್ ಕನ್ನಡಿಗ